ಡೀಸೆಲ್ ಕೈ, ರೇಷ್ಮೆ ಕೈ

ಸಾದಲಿ
28 ಮೇ 2006

ಪ್ರೀತಿಯ ಅಪ್ಪನಿಗೆ,

ನಮ್ಮ ಮನೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾಳೆ ಅಪ್ಪಾ, ಹೌದು, ಇದ್ದಾಳೆ ಎಂದೇ ಬರೆದಿದ್ದೇನೆ, ಅವಳು ನನ್ನ ನಾದಿನಿ ಮುನಿಲಕ್ಷ್ಮಿ! ನನ್ನ ಕ್ಷೇಮ, ಊಟ, ನಿದ್ದೆ ಎಲ್ಲ ಆಮೇಲೆ. ಮೊದಲು ಇದನ್ನು ಓದಿ.

ಮದುವೆಯ ದಿನ ನೀವು ಅವಳನ್ನು ನೋಡಿದ್ದೀರಿ. ಹಸಿರು ಲಂಗ ಹಾಕಿಕೊಂಡು ಎಲ್ಲರಿಗೂ ಪಾನಕ ಕೊಡುತ್ತಿದ್ದಳಲ್ಲ, ಆ ಉದ್ದ ಜಡೆಯ ಹುಡುಗಿ. ನಿನ್ನೆ ತೋಟದಿಂದ ಹಿಪ್ಪುನೇರಳೆ ಸೊಪ್ಪು ತರುವ ನಮ್ಮ ಲಗೇಜ್ ಆಟೋ ಅಂಗಳದಲ್ಲೇ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು, ಶಿಡ್ಲಘಟ್ಟದ ಮೆಕ್ಯಾನಿಕ್ ನಲ್ಲಪ್ಪನಿಗೆ ಫೋನ್ ಮಾಡಲು ಬೂತಿಗೆ ಹೊರಟರು. ಅವರು ತಿರುಗಿ ಬರುವಷ್ಟರಲ್ಲಿ ಗಾಡಿ ಗುಡುಗುಡು ಎನ್ನುತ್ತಿತ್ತು.

“ಏನೇ ಮಾಡ್ದೆ?” ಎಂದರು ಮಾವ.

“ಏನಿಲ್ಲಪ್ಪ, ಡೀಸೆಲ್ ಸೋಸೋ ಡಬ್ಬಿ ಕಟ್ಕೊಂಡಿತ್ತು.”

“ನಲ್ಲಪ್ಪ ಹೊರಟವ್ನೆ ಕಣೇ.”

“ಬರಲಿ ಬಿಡು, ಕಾಫಿ ಕುಡ್ಕೊಂಡು ಹೋಗ್ತಾನೆ.”

ನಲ್ಲಪ್ಪ ಬಂದ, ಎಂಜಿನ್ನಿನ ಸದ್ದು ಕೇಳಿದ, ಕಾಫಿ ಕುಡಿದ, ಹೋದ. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಹೊಸ ಸೊಸೆ ಎಂದು ಸುಮ್ಮನಿದ್ದೆ.

ನಾವಿಬ್ಬರೂ ಹೇಗೆ ಸ್ನೇಹಿತೆಯರಾದೆವು ಎಂದು ಕೇಳಿ. ರೇಷ್ಮೆಹುಳಕ್ಕೆ ಯಾವ ವಾಸನೆಯೂ ಆಗುವುದಿಲ್ಲವಂತೆ. ಬೀಡಿ, ಸೀಮೆಎಣ್ಣೆ, ಡೀಸೆಲ್, ಸೆಂಟು, ಏನಾದರೂ ಮೂಗಿಗೆ ಬಿದ್ದರೆ ಮೇವು ಬಿಟ್ಟುಬಿಡುತ್ತವೆ. ಇದು ಗೊತ್ತಿಲ್ಲದೆ ನಾನು, ನಿಮ್ಮ ಅಳಿಯ ಉದಯ್ ಮದುವೆಗೆ ಕೊಟ್ಟ ಗುಲಾಬಿ ಸೆಂಟು ಹಾಕಿಕೊಂಡು, ರೇಷ್ಮೆ ಸೀರೆ ಉಟ್ಟುಕೊಂಡು, ರೇಷ್ಮೆ ಎಲ್ಲಿಂದ ಬರುತ್ತದೆ ನೋಡೋಣ ಎಂದು ಹುಳುಮನೆಗೆ ಹೊರಟೆ. ಬಾಗಿಲಲ್ಲಿ ಅತ್ತೆ ಮೂಸಿದರು.

“ಏನಮ್ಮಾ ಇದು, ಹೂವಿನ ಅಂಗಡಿ ನಡ್ಕೊಂಡು ಬಂದಂಗೆ ಬಂದೆ. ಆಚೆ ಕೂತ್ಕೋ ಹೋಗಮ್ಮ.”

ಆಚೆ ಜಗಲಿಯ ಮೇಲೆ ಆಗಲೇ ಒಬ್ಬಳು ಕೂತಿದ್ದಳು. ಆಟೋ ಮುಟ್ಟಿದ ತಪ್ಪಿಗೆ, ತಲೆಗೆ ನೀರು ಹಾಕಿಕೊಳ್ಳುವವರೆಗೆ ಅವಳಿಗೂ ಪ್ರವೇಶವಿಲ್ಲ. “ನಿಮ್ಮದು ಗುಲಾಬಿ, ನಂದು ಡೀಸೆಲ್. ಬನ್ನಿ ಅತ್ತಿಗೆ, ಜಾಗ ಐತೆ” ಎಂದು ಸರಿದಳು. ಅಂದಿನಿಂದ ಆ ಜಗಲಿ ನಮ್ಮಿಬ್ಬರದು.

ಆಟೋ ಕಂಪನಿಯ ಇಂಗ್ಲಿಷ್ ಪುಸ್ತಕವೊಂದು ಅವಳ ಹತ್ತಿರ ಇದೆ. ಇಷ್ಟು ದಿನ ಚಿತ್ರ ನೋಡಿಯೇ ಕಲಿತಿದ್ದಾಳೆ. ಈಗ ನಾನು ಓದಿ ಅರ್ಥ ಹೇಳುತ್ತೇನೆ. ಒಂದು ಕಡೆ ‘ಬ್ಲೀಡ್’ ಮಾಡಿ ಎಂದಿತ್ತು, ನಾನು ರಕ್ತ ಹರಿಸಬೇಕಂತೆ ಎಂದೆ. ಅವಳು ನಕ್ಕು ನಕ್ಕು ಕಂಬ ಹಿಡಿದುಕೊಂಡಳು. “ರಕ್ತ ಅಲ್ಲ ಅತ್ತಿಗೆ, ಗಾಳಿ. ಪೈಪಲ್ಲಿ ಸೇರ್ಕೊಂಡಿರೋ ಗಾಳೀನ ಆಚೆ ಬಿಡೋದು.” ಹನ್ನೆರಡು ವರ್ಷ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿಗೆ ಇಷ್ಟು ಒಳ್ಳೆಯ ಉಪಯೋಗ ಸಿಕ್ಕಿದ್ದು ಇದೇ ಮೊದಲು.

ಈಗ ಕೆಲಸದ ಮಾತು. ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷವಾಯಿತು. ಗಣಿತ, ವಿಜ್ಞಾನ ಎರಡರಲ್ಲೂ ಒಳ್ಳೆಯ ಅಂಕ. ಗೌರಿಬಿದನೂರಿನ ಸೋದರಮಾವ ಹೊಲಿಗೆ ಯಂತ್ರ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಇವಳಿಗೆ ಬೇಕಾಗಿರುವುದು ಚಿಂತಾಮಣಿಯ ಐಟಿಐ, ಮೋಟಾರು ವಾಹನದ ಕೋರ್ಸು. ನೀವು ಇಷ್ಟು ವರ್ಷ ಡಿಪೋದಲ್ಲಿ ಬಸ್ಸು ರಿಪೇರಿ ಮಾಡಿದವರು. ಏನು ಓದಬೇಕು, ಆಮೇಲೆ ಎಲ್ಲಿಗೆ ಹೋಗಬೇಕು, ಎಲ್ಲ ಬರೆಯಿರಿ. ಬೂತಿನಲ್ಲಿ ಫೋನ್ ಮಾಡಿದರೆ ಸಾದಲಿಗೆಲ್ಲ ಕೇಳಿಸುತ್ತದೆ, ಕಾಗದವೇ ವಾಸಿ.

ನಿಮ್ಮ ಸಂತೋಷದ ಮಗಳು,
ಮಾಲಾ

*

ಯಲಹಂಕ
5 ಜೂನ್ 2006

ಚಿರಂಜೀವಿ ಮಾಲಾಳಿಗೆ,

ಕಾಗದ ತಲುಪಿತು. ಎರಡು ಸಲ ಓದಿದೆ. ಗಂಡನ ಬಗ್ಗೆ ಒಂದು ಸಾಲೂ ಇರಲಿಲ್ಲ. ಚೆನ್ನಾಗಿದ್ದಾರೆಂದು ತಿಳಿದುಕೊಂಡಿದ್ದೇನೆ.

ಕೋರ್ಸು ಎರಡು ವರ್ಷ. ಅರ್ಜಿಯನ್ನು ಜುಲೈ ಮುಗಿಯುವ ಮೊದಲು ಕೊಟ್ಟಿರಬೇಕು. ಅಲ್ಲಿ ಮೊದಲು ಅರ ಹಿಡಿದು ಕಬ್ಬಿಣ ಉಜ್ಜಿಸುತ್ತಾರೆ. ಬೇಸರವಾಗುತ್ತದೆ. ಅದನ್ನು ತಡೆದುಕೊಂಡವರೇ ಮುಂದೆ ಕೆಲಸಗಾರರಾಗುವುದು. ಪರೀಕ್ಷೆ ಪಾಸಾದ ಮೇಲೆ ಬಸ್ ಡಿಪೋದಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಬಹುದು. ನಿಜವಾದ ಪಾಠ ಆಗುವುದು ಅಲ್ಲಿಯೇ. ಚಿಕ್ಕಬಳ್ಳಾಪುರದಲ್ಲೋ ಚಿಂತಾಮಣಿಯಲ್ಲೋ ಪ್ರಯತ್ನಿಸಬಹುದು.

ಎಂಜಿನ್ ಕಲಿತರೆ ಮುಗಿಯಿತು ಎಂದುಕೊಳ್ಳಬಾರದು. ಹೊಸ ಗಾಡಿಗಳಲ್ಲಿ ವೈರು ಜಾಸ್ತಿಯಾಗಿದೆ, ಕೆಲವಕ್ಕೆ ಕಂಪ್ಯೂಟರೇ ಬಂದಿದೆ. ನನ್ನ ವಯಸ್ಸಿನವರು ಬಾನೆಟ್ ತೆಗೆದು ತಲೆ ಕೆರೆದುಕೊಳ್ಳುತ್ತೇವೆ. ಅವಳು ಕರೆಂಟಿನ ಭಾಗ ಬಿಡದೆ ಕಲಿಯಲಿ. ನೀನು ಇಂಗ್ಲಿಷ್ ಓದಿ ಹೇಳುವುದು ಒಳ್ಳೆಯದೇ, ಆದರೆ ಅವಳೇ ಓದುವಂತೆ ಮಾಡು. ಸ್ವಂತ ಗ್ಯಾರೇಜಿಗೆ ಆತುರ ಬೇಡ.

ಒಂದು ವಿಷಯ ನೋಡಿ ಬರೆ. ಬಿಚ್ಚಿದ ನಟ್ಟುಗಳನ್ನು ಆ ಹುಡುಗಿ ಎಲ್ಲಿ ಇಡುತ್ತಾಳೆ?

ನಿನಗೆ ಇಪ್ಪತ್ತೆರಡು ವರ್ಷ. ನನ್ನ ಕೆಲಸದ ಬಗ್ಗೆ ನೀನು ನನ್ನನ್ನು ಕೇಳಿದ್ದು ಇದೇ ಮೊದಲ ಸಲ. ಇರಲಿ.

ನಿನ್ನ ಅಪ್ಪ,
ಕೃಷ್ಣಮೂರ್ತಿ

*

ಸಾದಲಿ
18 ಜೂನ್ 2006

ಪ್ರೀತಿಯ ಅಪ್ಪನಿಗೆ,

ನಟ್ಟುಗಳನ್ನು ಹಿಪ್ಪುನೇರಳೆ ಎಲೆಯ ಮೇಲೆ ಇಡುತ್ತಾಳೆ. ಎಲೆಗೊಂದು, ಬಿಚ್ಚಿದ ಕ್ರಮದಲ್ಲಿ, ಎಡದಿಂದ ಬಲಕ್ಕೆ. ನಟ್ಟಿನ ಭಾರಕ್ಕೆ ಎಲೆ ಹಾರುವುದಿಲ್ಲ, ಎಲೆಯ ಮೇಲೆ ನಟ್ಟು ಕಳೆಯುವುದಿಲ್ಲ. ಹಾಕುವಾಗ ಬಲದಿಂದ ಎಡಕ್ಕೆ ಬರುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲವಂತೆ. ಇದಕ್ಕೆ ಎಷ್ಟು ಅಂಕ ಕೊಡುತ್ತೀರಿ?

ಉದಯ್ ಚೆನ್ನಾಗಿದ್ದಾರೆ. ಚಿಂತಾಮಣಿಯ ಮಾರುಕಟ್ಟೆ ಕಚೇರಿಯಿಂದ ಬರುವಾಗ ದಿನವೂ ನನಗೆಂದು ಏನಾದರೂ ತಂದು, ತಮ್ಮ ಅಮ್ಮನಿಗೆ ಕಾಣದಂತೆ ಕೊಡುತ್ತಾರೆ, ಅದು ಅತ್ತೆಗೆ ಕಂಡೇ ಕಾಣುತ್ತದೆ. ಸಾಕೇ? ಇನ್ನೂ ಬರೆದರೆ ನೀವೇ ನಾಚಿಕೊಳ್ಳುತ್ತೀರಿ.

ಆದರೆ ಈ ಕಾಗದದ ಉಳಿದ ಭಾಗ ಅಷ್ಟು ಸಂತೋಷದ್ದಲ್ಲ.

ಕಳೆದ ವಾರ ಊಟಕ್ಕೆ ಕೂತಾಗ ಉದಯ್ ಮಾತು ಎತ್ತಿದರು. “ಅಮ್ಮಾ, ಮುನಿ ನನ್ನ ಜೊತೇಲೇ ಬಸ್ಸಿಗೆ ಬರ್ತಾಳೆ, ಸಾಯಂಕಾಲ ನನ್ನ ಜೊತೇಲೇ ವಾಪಸ್ಸು.”

“ಬಸ್ಸಿಗೆ ಬರೋದು ಸರಿ ಕಣಪ್ಪ. ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ, ನಿಮ್ಮ ಆಫೀಸಿನ ಪ್ಯೂನಾ?”

“ಆಳು ಇಟ್ಕೊಳ್ಳಣ.”

“ಆಳು ಸೊಪ್ಪು ಹಾಕ್ತಾರೆ, ಹುಳ ನೋಡಲ್ಲ. ಸಾವಿರ ಹುಳದಾಗೆ ಕಾಯಿಲೆ ಹುಳ ಯಾವುದು ಅಂತ ಇವಳಿಗೆ ಕಾಣ್ತದೆ. ನನಗೆ ಕಣ್ಣು ಮೊದಲಿನಂಗಿಲ್ಲ. ಅಂಥಾ ಕೈ ತಗೊಂಡೋಗಿ ಗ್ರೀಸಲ್ಲಿ ಅದ್ದಬೇಕಾ?”

ಅಪ್ಪಾ, ಒಂದು ಗಮನಿಸಿದಿರಾ? ಹೆಣ್ಣುಮಗಳಿಗೆ ಯಾಕೆ ಈ ಕೆಲಸ ಎಂದು ಅವರು ಒಂದು ಸಲವೂ ಅನ್ನಲಿಲ್ಲ. ಅವರಿಗೆ ಬೇಕಾಗಿರುವುದು ಅವಳ ಕೈ. ಅದಕ್ಕೆ ನನಗೆ ಅತ್ತೆಯ ಮೇಲೆ ಕೋಪ ಮಾಡಿಕೊಳ್ಳಲು ಆಗಲಿಲ್ಲ.

ಕೋಪದ ಬದಲು ಉಪಾಯ ಮಾಡಿದೆ. ಡೀಸೆಲ್ ವಾಸನೆ ತಾನೇ ತೊಂದರೆ, ತೊಳೆದರೆ ಎರಡು ಕೆಲಸಕ್ಕೂ ಅದೇ ಕೈ ಆಗುತ್ತದಲ್ಲ ಎಂದುಕೊಂಡೆ. ಶನಿವಾರ ಅವಳು ಆಟೋದ ಕೆಳಗಿಂದ ಎದ್ದು ಬಂದ ತಕ್ಷಣ ಬಚ್ಚಲಿಗೆ ಎಳೆದುಕೊಂಡು ಹೋಗಿ, ನನ್ನ ಸೋಪು, ನನ್ನ ಶಾಂಪೂ ಹಾಕಿ, ಉಗುರು ಉಗುರೂ ಬಿಡದೆ ತಿಕ್ಕಿದೆ. ಡೀಸೆಲ್ ಪೂರ್ತಿ ಹೋಯಿತು. ನನಗೆ ಎಷ್ಟು ಖುಷಿ ಎಂದರೆ, ಆ ಸೋಪೂ ಗುಲಾಬಿಯದು ಎಂಬುದೇ ಮರೆತುಹೋಯಿತು. ಅವಳಿಗೂ ಮರೆಯಿತೋ, ನನ್ನ ಮುಖ ನೋಡಿ ಸುಮ್ಮನಾದಳೋ, ಕೇಳಲು ಧೈರ್ಯವಿಲ್ಲ.

ಅವಳು ಒಳಗೆ ಹೋಗಿ ಸೊಪ್ಪು ಹಾಕಿದಳು. ಎರಡನೇ ಜ್ವರದಿಂದ ಎದ್ದ ಹುಳ, ಹೊಸ ಹಸಿವು. (ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ.) ಬಾಗಿಲಿನಿಂದ ನೋಡುತ್ತಿದ್ದೆ. ಅಷ್ಟೂ ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ಹಾಗೇ ನಿಂತುಬಿಟ್ಟವು. ಸೊಪ್ಪು ಮುರಿಯುವ ಸದ್ದು, ಸಣ್ಣ ಮಳೆಯಂತೆ ಇರುತ್ತದಲ್ಲ, ಅದು ನಿಂತಿತು.

ಅತ್ತೆ ಬೈಯಲಿಲ್ಲ. ಕಿಟಕಿ ತೆಗೆದರು, ಸೊಪ್ಪು ತೆಗೆದು ಬೇರೆ ಹಾಕಿದರು. ಸಂಜೆಯ ಹೊತ್ತಿಗೆ ಹುಳಗಳು ಮೇಯ್ದವು. ಆಮೇಲೆ ಎರಡೇ ಮಾತು ಆಡಿದರು. ಮಗಳಿಗೆ, “ಇನ್ಮೇಲೆ ಆಟೋ ಮುಟ್ಟಂಗಿಲ್ಲ, ಐಟಿಐ ಮಾತೂ ಬೇಡ.” ನನಗೆ, “ಆಷಾಢ ಬರ್ತಾ ಐತೆ, ತೌರಿಗೆ ಹೋಗಿ ಹಾಯಾಗಿದ್ದು ಬಾರಮ್ಮ.”

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಿನ ಕೆಳಗೆ ಇರಬಾರದು ಎಂಬುದು ಎಲ್ಲರ ಮನೆಯ ಪದ್ಧತಿ, ನನಗೆ ಗೊತ್ತು. ಆದರೂ ಆ ಮಾತನ್ನು ಅವರು ಹೇಳಿದ ಹೊತ್ತು ಸರಿಯಿರಲಿಲ್ಲ. ಬರುವ ಶನಿವಾರ ಉದಯ್ ನನ್ನನ್ನು ಬಿಟ್ಟುಹೋಗಲು ಬರುತ್ತಾರೆ. ಅಮ್ಮನಿಗೆ ಹೇಳಿ, ನನಗೇನೂ ವಿಶೇಷ ಅಡುಗೆ ಬೇಡ.

ನಿಮ್ಮ ಮಗಳು,
ಮಾಲಾ

*

ಸಾದಲಿ
3 ಜುಲೈ 2006

ಪ್ರೀತಿಯ ಅತ್ತಿಗೆಗೆ,

ನೀವು ಹೋದ ಮೇಲೆ ಜಗಲಿ ಖಾಲಿ. ನಾನು ಈಗ ಅಲ್ಲಿ ಕೂರುವುದಿಲ್ಲ, ದಿನವೆಲ್ಲ ಒಳಗೇ. ಹುಳ ನಾಲ್ಕನೇ ಜ್ವರದಿಂದ ಎದ್ದಿವೆ. ಈಗ ಅವುಗಳಿಗೆ ರಾಕ್ಷಸ ಹಸಿವು. ಹಾಕಿದ ಸೊಪ್ಪು ತಿರುಗಿ ನೋಡುವಷ್ಟರಲ್ಲಿ ಬರೀ ಕಡ್ಡಿ. ಅಪ್ಪ ಆಟೋದಲ್ಲಿ ತರುತ್ತಲೇ ಇದ್ದಾರೆ.

ಒಳಗೆ ಕೂತು ಆಟೋದ ಸದ್ದು ಕೇಳುತ್ತೇನೆ. ಏರು ಹತ್ತುವಾಗ ಒಂದು ಸಲ ಉಸಿರು ಕಟ್ಟಿದಂತೆ ಆಗಿ ಮತ್ತೆ ಓಡುತ್ತದೆ. ಡೀಸೆಲ್ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಅಪ್ಪನಿಗೆ ಹೇಳಿದೆ. “ನಿಮ್ಮವ್ವ ಬೇಡ ಅಂದವ್ಳೆ, ಸುಮ್ಕಿರಮ್ಮ. ಗೂಡು ಮಾರಿದ ಮೇಲೆ ನಲ್ಲಪ್ಪನಿಗೆ ತೋರಿಸಣ” ಎಂದರು.

ಅಮ್ಮ ನನ್ನ ಜೊತೆ ಚೆನ್ನಾಗಿಯೇ ಇದ್ದಾರೆ. ಕಾಯಿಲೆ ಹುಳ ಹೆಕ್ಕುವಾಗ ನನ್ನ ಬೆರಳನ್ನೇ ನೋಡುತ್ತಿರುತ್ತಾರೆ. ಅವರಿಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಈಗ ಆಗುವುದಿಲ್ಲ ಅತ್ತಿಗೆ, ಯಾರಿಗೂ ಹೇಳಿಲ್ಲ. ಅದಕ್ಕೆ ಈ ವರ್ಷ ಐಟಿಐ ಬೇಡ. ನಿಮ್ಮ ಅಪ್ಪನವರು ಬರೆದ ಕಾಗದವನ್ನು ನೀವು ನನಗೆ ಕೊಟ್ಟು ಹೋದಿರಲ್ಲ, ಬಾಯಿಪಾಠ ಆಗಿದೆ. ಮುಂದೆ ಯಾವಾಗಲಾದರೂ ಉಪಯೋಗಕ್ಕೆ ಬರುತ್ತದೆ ಎಂದು ಅವರಿಗೆ ತಿಳಿಸಿ.

ಸೋದರಮಾವ ಗೌರಿಬಿದನೂರಿನಿಂದ ಹೊಲಿಗೆ ಯಂತ್ರ ಕಳಿಸಿದರು. ಪೆಡಲು ಕಿರುಗುಟ್ಟುತ್ತಿತ್ತು, ಬಿಚ್ಚಿ ಸರಿ ಮಾಡಿದೆ. ಹೊಲಿಯಲು ಇನ್ನೂ ಕೂತಿಲ್ಲ.

ನಿಮ್ಮ ನಾದಿನಿ,
ಮುನಿಲಕ್ಷ್ಮಿ

*

ಯಲಹಂಕ
8 ಜುಲೈ 2006

ನನ್ನ ಮುದ್ದು ಮುನಿಗೆ,

ನಿನ್ನ ಕಾಗದ ಓದಿ ನಿನ್ನ ಮೇಲೆ ಸಿಟ್ಟು ಬಂತು, ಅತ್ತೆಯ ಕಣ್ಣಿನ ವಿಷಯ ಓದಿ ಸಿಟ್ಟು ಇಳಿಯಿತು. ಈ ಕಾಗದದಲ್ಲಿ ಬೇರೆಯದೇ ಹೇಳಬೇಕು.

ನಿನ್ನೆ ಅಪ್ಪನಿಗೆ ಊಟದ ಡಬ್ಬಿ ಕೊಡಲು ಡಿಪೋಗೆ ಹೋಗಿದ್ದೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿ ಇದ್ದು, ನಾನು ಅಲ್ಲಿಗೆ ಹೋದದ್ದು ನಿನ್ನೆಯೇ. ನೆಲದಲ್ಲಿ ಉದ್ದ ಹಳ್ಳ, ಅದರ ಮೇಲೆ ಬಸ್ಸು, ಹಳ್ಳದಲ್ಲಿ ನಿಂತು ತಲೆ ಎತ್ತಿ ಕೆಲಸ ಮಾಡುತ್ತಿದ್ದ, ಗ್ರೀಸು ಮೆತ್ತಿ ಮುಖವೆಲ್ಲ ಕಪ್ಪಾಗಿದ್ದ ಒಬ್ಬ ಮನುಷ್ಯ. ಕೃಷ್ಣಮೂರ್ತಿಯವರು ಎಲ್ಲಿ ಎಂದು ಅವರನ್ನೇ ಕೇಳಿದೆ. “ಡಬ್ಬಿ ಆ ಬೆಂಚಿನ ಮೇಲೆ ಇಡಮ್ಮ” ಎಂದರು. ನನ್ನ ಅಪ್ಪ.

ನಾನು ಹೋಗಲಿಲ್ಲ, ಅಲ್ಲೇ ಕೂತೆ. ಕಾಣದ ಜಾಗಕ್ಕೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡು, ಬೆರಳಲ್ಲೇ ನೋಡುತ್ತಾರೆ ಮುನಿ. ಅವರ ಜೊತೆಯ ಕೋನಪ್ಪ ಎಂಬವರು ನನ್ನ ಹತ್ತಿರ ಬಂದು, “ನಿಮ್ಮಪ್ಪ ಬಸ್ಸಿನ ನಾಡಿ ಹಿಡಿಯೋ ಡಾಕ್ಟ್ರಮ್ಮ. ಫೀಸು ಮಾತ್ರ ಇಲ್ಲ” ಎಂದರು. ಅಪ್ಪ ಹಳ್ಳದಿಂದಲೇ, “ಲೇ ಕೋನಪ್ಪ, ಹದಿನಾಲ್ಕರ ಸ್ಪ್ಯಾನರ್ ಕೊಟ್ಟು ಮಾತಾಡೋ” ಎಂದರು. ಮನೆಯಲ್ಲಿ ಅವರು ಇಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಕೆಲಸ ಮುಗಿದ ಮೇಲೆ ನೋಡಿದೆ. ಡಿಪೋದ ಹಿಂದೆ ನಲ್ಲಿ ಇದೆ. ಒಲೆ ಬೂದಿ, ಅಂಟುವಾಳದ ನೊರೆ, ತೆಂಗಿನ ನಾರು. ಮೊಣಕೈವರೆಗೆ ತಿಕ್ಕಿ, ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಹೊರಟರು. ಮನೆಗೆ ಬಂದು ಅಮ್ಮನನ್ನು ಕೇಳಿದೆ. “ನಿನ್ನ ಸ್ಕೂಲಿಗೆ ಸೇರಿಸಿದ ವರ್ಷದಿಂದ ಹಂಗೇ ಕಣೇ. ಬಿಳಿ ಯೂನಿಫಾರಂ ಹಾಕ್ಕೊಂಡು ಓಡಿ ಬಂದು ತಬ್ಕೊತಿದ್ದೆಯಲ್ಲ” ಎಂದರು. ನಾನು ಕನ್ನಡಿಯ ಮುಂದೆ ಹೋಗಿ ಬಾಚಿದ ತಲೆಯನ್ನೇ ಮತ್ತೆ ಬಾಚಿಕೊಂಡೆ.

ರಾತ್ರಿ ಊಟದ ಹೊತ್ತಿಗೆ ಅಪ್ಪನನ್ನು ಕೇಳಿದೆ, ಹಾಗೆ ತೊಳೆದರೆ ಮುನಿ ಹುಳುಮನೆಗೂ ಹೋಗಬಹುದಲ್ಲವೇ ಎಂದು. ಅವರು ತಮ್ಮ ಕೈ ಮೂಸಿಕೊಂಡರು, ಆಮೇಲೆ ನನ್ನ ಮುಂದೆ ಹಿಡಿದರು. ಉಗುರಿನ ಸಂದಿನಲ್ಲಿ ಡೀಸೆಲ್ ವಾಸನೆ ಇತ್ತು, ಎಲ್ಲೋ ದೂರದಲ್ಲಿ. “ನಿನಗೆ ಗೊತ್ತಾಗದಷ್ಟು ಹೋಗ್ತದೆ. ಹುಳಕ್ಕೆ ಗೊತ್ತಾಗದಷ್ಟು ಹೋಗಲ್ಲ. ನಿಮ್ಮತ್ತೆ ಹೇಳೋದು ಸರಿ, ಎರಡು ಕೆಲಸ ಒಂದು ಕೈಗೆ ಆಗಲ್ಲ. ಆದರೆ ಮನೇಲಿ ಇರೋದು ಒಂದೇ ಜೊತೆ ಕೈಯಾ?” ಎಂದು ಮಜ್ಜಿಗೆ ಸುರಿದುಕೊಂಡರು.

ಆ ಮಾತಿನ ಕೊನೆಯ ಭಾಗವನ್ನು ನಾನು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಏನೂ ಹೇಳುವುದಿಲ್ಲ, ಯೋಚಿಸುತ್ತಿದ್ದೇನೆ ಅಷ್ಟೇ.

ನಿನ್ನ,
ಅತ್ತಿಗೆ

*

ಸಾದಲಿ
14 ಜುಲೈ 2006

ಪ್ರೀತಿಯ ಅತ್ತಿಗೆಗೆ,

ಗೂಡು ಮಾರಾಟ ಆಯಿತು. ನಿನ್ನೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು ಮೂರು ಜನ ವ್ಯಾಪಾರಿಗಳು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಒಳ್ಳೆಯ ಬೆಲೆ ಬಂತು, ಅಪ್ಪನಿಗೆ ನಗು ತಡೆಯಲಿಲ್ಲ. ಆದರೆ ಅದಕ್ಕಿಂತ ಮೊದಲು ನಡೆದದ್ದನ್ನು ಬರೆಯಬೇಕು.

ಹೋದ ವಾರ ಬುಧವಾರ ಬೆಳಿಗ್ಗೆ ಆಟೋ ತೋಟದಲ್ಲೇ ನಿಂತಿತು. ತುಂಬಾ ಸೊಪ್ಪು ಹೇರಿತ್ತು. ನಾನು ಹೇಳಿದ್ದ ಗಾಳಿಯೇ. ಅಪ್ಪ ನಡೆದುಕೊಂಡು ಬಂದು ಬೂತಿಗೆ ಹೋದರು. ನಲ್ಲಪ್ಪ ಮದುವೆಗೆಂದು ಹಿಂದೂಪುರಕ್ಕೆ ಹೋಗಿದ್ದ. ಪಕ್ಕದ ಮನೆಯ ಕೊಂಡಮ್ಮನವರೂ ಅಪ್ಪನೂ ತಲೆಯ ಮೇಲೆ ಒಂದೊಂದು ಹೊರೆ ತಂದರು. ಅದು ಹುಳಕ್ಕೆ ಉಪ್ಪಿನಕಾಯಿಯಷ್ಟು. ಬಿಸಿಲು ಏರುತ್ತಿತ್ತು, ಗಾಡಿಯಲ್ಲಿದ್ದ ಸೊಪ್ಪು ಬಾಡುತ್ತಿತ್ತು. ಒಳಗೆ ಹುಳ ಬರಿಯ ಕಡ್ಡಿ ಮೇಲೆ ಹರಿದಾಡುತ್ತಿದ್ದವು. ನಾನು ಕಡ್ಡಿ ತೆಗೆಯುತ್ತಾ ಅಮ್ಮನ ಮುಖ ನೋಡಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತಿದ್ದರು.

“ಎಷ್ಟು ಹೊತ್ತು ಹಿಡಿತದೆ?” ಎಂದು ಕೇಳಿದರು.

“ಏನು?” ಎಂದೆ.

“ಏನು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಕಾ? ಗಾಡಿ ಕಣೇ.”

“ಗಾಡಿ ಬೇಗ ಆಗ್ತದೆ. ಆಮೇಲೆ ನಾನು ಒಳಗೆ ಬರಂಗಿಲ್ಲವಲ್ಲಮ್ಮ. ನಾಳೆ ನಾಡಿದ್ದು ಹುಳ ಹಣ್ಣಾಗ್ತವೆ. ಹೆಕ್ಕೋಕೆ ನನ್ನ ಕೈ ಬೇಕು.”

ಅಮ್ಮ ತಟ್ಟೆಗಳ ಕಡೆ ನೋಡಿದರು. “ಸೊಪ್ಪಿಲ್ಲದಿದ್ರೆ ಹಣ್ಣಾಗೋದು ಏನು, ಒಣಗ್ತವೆ. ನಡಿ, ಪೋ. ಹುಳ ನಾನು ನೋಡ್ಕೋತೀನಿ.”

ಓಡಿದೆ ಅತ್ತಿಗೆ. ಪೈಪು ಸೇರುವ ಕಡೆ ತಾಮ್ರದ ವಾಷರು ತೆಳ್ಳಗಾಗಿತ್ತು. ಬೇರೆ ಇರಲಿಲ್ಲ, ಅದನ್ನೇ ಕಲ್ಲಿಗೆ ತೀಡಿ ತಿರುಗಿಸಿ ಹಾಕಿದೆ. ಆಮೇಲೆ ನಟ್ಟು ಸಡಿಲಿಸಿ, ಗಾಳಿಯ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಯಬಿಟ್ಟೆ. ನಮ್ಮ ‘ಬ್ಲೀಡು’. ನಿಮ್ಮ ಹೆಸರು ಹೇಳಿಕೊಂಡು ಒಬ್ಬಳೇ ನಕ್ಕೆ. ಮೂರನೇ ಸಲಕ್ಕೆ ಗಾಡಿ ಹೊತ್ತಿಕೊಂಡಿತು. ಸೊಪ್ಪಿನ ಮೇಲೆ ಕೂತು ಮನೆಗೆ ಬಂದೆ.

ಎರಡು ದಿನ ಬಿಟ್ಟು ಹುಳ ಹಣ್ಣಾದವು. ಮೈ ಹಳದಿಗೆ ತಿರುಗಿದ ಹುಳಗಳನ್ನು ಒಂದೊಂದಾಗಿ ಹೆಕ್ಕಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ನಾನು ಜಗಲಿಯ ಮೇಲೆ ಕೂತಿದ್ದೆ. ಅವತ್ತು ಡೀಸೆಲ್ ಕೈಮೇಲೆಲ್ಲ ಹರಿದಿದ್ದರಿಂದ ಎಷ್ಟು ತೊಳೆದರೂ ಬೆರಳಲ್ಲಿ ವಾಸನೆ ಇತ್ತು. ಅಮ್ಮ, ಅಪ್ಪ, ಕೊಂಡಮ್ಮನವರು ಒಳಗೆ. ಅಮ್ಮ ಹುಳವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ನೋಡಿ ಬಿಡುತ್ತಿದ್ದರು. ಕಿಟಕಿಯಿಂದ ಕಾಣುತ್ತಿತ್ತು. ನನ್ನ ಕೈ ಮಡಿಲಲ್ಲಿ ಸುಮ್ಮನೆ ಇತ್ತು.

ಸಂಜೆ ಕಿಟಕಿಯ ಒಳಗಿನಿಂದಲೇ ಅಮ್ಮ ಕೇಳಿದರು, “ಗಾಡಿಗೆ ಏನಾಗಿತ್ತೇ?”

“ಪೈಪಲ್ಲಿ ಗಾಳಿ ಸೇರ್ಕೊಂಡಿತ್ತು.”

“ಅದು ನಿನಗೆ ಮೊದಲೇ ಗೊತ್ತಿತ್ತಂತೆ. ನಿಮ್ಮಪ್ಪ ಹೇಳಿದ್ರು.”

“ಸದ್ದಲ್ಲಿ ಗೊತ್ತಾಯ್ತು.”

ಅಮ್ಮ ಇನ್ನೂ ನಾಲ್ಕು ಹುಳ ಬಿಟ್ಟರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, “ನೋಡೋ ಕಣ್ಣು ಹುಳಕ್ಕೊಂದು ಗಾಡಿಗೊಂದು ಬೇರೆ ಅಂತ ತಿಳ್ಕೊಂಡಿದ್ದೆ. ಎರಡೂ ಒಂದೇ ಅಂತ ಕಾಣ್ತದೆ. ಹೋಗು ಚಿಂತಾಮಣಿಗೆ. ಆದ್ರೆ ಇಲ್ಲಿಗೆ ಒಂದು ಕೈ ಬೇಕು ಕಣಮ್ಮ. ಕೂಲಿ ಕೈ ಆಗಲ್ಲ, ಮನೆ ಕೈ ಆಗ್ಬೇಕು. ಅದಿಲ್ಲದೆ ನಾನು ಹೂಂ ಅನ್ನಕ್ಕಾಗಲ್ಲ.”

ಅಪ್ಪ ಏನೋ ಹೇಳಲು ಬಾಯಿ ತೆಗೆದರು. “ಅವಳನ್ನ ಕೇಳ್ಬೇಡಿ. ಹೊಸದಾಗಿ ಬಂದವಳು, ಆಸೆಯಾಗಿ ಪೂಸ್ಕೊತಾಳೆ, ಉಟ್ಕೊತಾಳೆ. ಆಡ್ಕೊಂಡಿರಲಿ” ಎಂದರು ಅಮ್ಮ.

ಕೇಳಬೇಡಿ ಎಂದಿದ್ದಾರೆ. ಅದಕ್ಕೆ ನಾನು ಕೇಳುತ್ತಿಲ್ಲ ಅತ್ತಿಗೆ. ನಡೆದದ್ದನ್ನು ಬರೆದಿದ್ದೇನೆ.

ಮುನಿಲಕ್ಷ್ಮಿ

*

ಯಲಹಂಕ
22 ಜುಲೈ 2006

ಪ್ರೀತಿಯ ಮುನಿಗೆ, ಮತ್ತು ಇದನ್ನು ಓದಿಸಿಕೊಂಡು ಕೇಳುವ ಅತ್ತೆಗೆ,

ನೀವು ಯಾರೂ ಕೇಳಲಿಲ್ಲ. ಅದಕ್ಕೆ ನಾನೂ ಉತ್ತರ ಕೊಡುತ್ತಿಲ್ಲ, ನಡೆದದ್ದನ್ನು ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ಸೋಮವಾರದಿಂದ ನಾನು ಸೀಗೆಕಾಯಿ, ಕಡಲೆಹಿಟ್ಟು ಬಿಟ್ಟು ಬೇರೇನೂ ಮುಟ್ಟಿಲ್ಲ. ಪೌಡರ್ ಇಲ್ಲ. ಮಲ್ಲಿಗೆಯೂ ಇಲ್ಲ, ಮುಡಿಯಬಹುದೋ ಬಾರದೋ ಅತ್ತೆ ಹೇಳಲಿ ಎಂದು ಕಾದಿದ್ದೇನೆ. ಸೆಂಟಿನ ಬಾಟಲಿಯನ್ನು ಅಮ್ಮನ ಬೀರುವಿನಲ್ಲಿ ಇಟ್ಟಿದ್ದೇನೆ. ಸುಳ್ಳು ಹೇಳುವುದಿಲ್ಲ, ಇಡುವ ಮೊದಲು ಮುಚ್ಚಳ ತೆಗೆದು ಒಂದು ಸಲ ಮೂಸಿದೆ. ಮದುವೆಯ ಮಾರನೆಯ ದಿನ ಉದಯ್ ಅದನ್ನು ಜೇಬಿನಿಂದ ತೆಗೆದು, ಹೇಗೆ ಕೊಡಬೇಕು ಎಂದು ಗೊತ್ತಾಗದೆ, ಕಿಟಕಿಯ ಮೇಲೆ ಇಟ್ಟು ಹೊರಗೆ ಹೋಗಿಬಿಟ್ಟಿದ್ದರು.

ಆಷಾಢ ಮುಗಿಯುವವರೆಗೂ ತಡೆಯಲಾರದೆ ಅವರು ಇವತ್ತೇ ಬಂದಿದ್ದಾರೆ. ಬಂದ ತಕ್ಷಣ ಹತ್ತಿರ ನಿಂತು, “ಏನೂ ವಾಸನೆ ಇಲ್ಲವಲ್ಲ” ಎಂದರು. “ಇಲ್ಲ” ಎಂದೆ. ವಿಷಯ ಹೇಳಿದೆ. ಅವರು ತಮ್ಮ ಕೆನ್ನೆ ಒಮ್ಮೆ ಸವರಿಕೊಂಡರು. ಆಮೇಲೆ, “ಹಂಗಾದರೆ ನಾನೂ ಗಡ್ಡ ಮಾಡ್ಕೊಂಡು ಲೋಷನ್ ಹಚ್ಕೊಳೋದು ಬಿಡ್ತೀನಿ, ಪಕ್ಕದಲ್ಲೇ ಕೂರೋನು ತಾನೇ” ಎಂದರು. ಅತ್ತೆ, ನಿಮ್ಮ ಮಗನ ಮೇಲೆ ನನಗೆ ಇನ್ನೊಂದು ಸಲ ಮನಸ್ಸಾಯಿತು. ಮುನಿ, ಈ ಸಾಲನ್ನು ಗಟ್ಟಿಯಾಗಿ ಓದಬೇಡ.

ಅತ್ತೆ, ನನಗೆ ಹುಳ ನೋಡಲು ಬರುವುದಿಲ್ಲ. ಕಾಯಿಲೆ ಹುಳ ಯಾವುದು, ಜ್ವರದ ಹುಳ ಯಾವುದು ಎಂದು ಒಂದೂ ಗೊತ್ತಿಲ್ಲ. ಮೊದಲ ದಿನ ಕೈಯ ಮೇಲೆ ಹತ್ತಿದರೆ ಕಿರುಚುತ್ತೇನೆ ಎಂದೂ ಕಾಣುತ್ತದೆ. ಆದರೆ ನನ್ನ ಕಣ್ಣು ಚೆನ್ನಾಗಿದೆ. ನೀವು ಪಕ್ಕದಲ್ಲಿ ನಿಂತು ಹೇಳಿ, ನಾನು ನೋಡುತ್ತೇನೆ. ನನ್ನ ಅಪ್ಪ ಕಾಣದ ಜಾಗಕ್ಕೆ ಕೈ ಹಾಕಿ ಬೆರಳಲ್ಲೇ ನೋಡುತ್ತಾರೆ, ಅವರ ಮಗಳಿಗೆ ಅಷ್ಟಾದರೂ ಬರಬೇಕು. ಇದು ಮನೆ ಕೈಯೋ ಅಲ್ಲವೋ ನೀವೇ ಹೇಳಿ.

ಮುನಿ, ನಿನಗೆ ಅಪ್ಪ ಒಂದು ಚೀಲ ಕೊಟ್ಟಿದ್ದಾರೆ. ಅವರ ಅಪ್ರೆಂಟಿಸ್ ಕಾಲದ ಸ್ಪ್ಯಾನರುಗಳು. ಪ್ರತಿಯೊಂದನ್ನೂ ಒರೆಸಿ, ಬಟ್ಟೆಯಲ್ಲಿ ಸುತ್ತಿದರು. ನಾನು ಬಿಚ್ಚಿ ನೋಡಲು ಹೋದರೆ, “ನೀನು ಮುಟ್ಟಬೇಡ, ನಿನ್ನ ಕೈ ಈಗ ಹುಳದ್ದು” ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ನಗು ಇತ್ತು, ನನ್ನ ಯಾವ ಮಾರ್ಕ್ಸ್ ಕಾರ್ಡಿಗೂ ಅದು ಬಂದಿರಲಿಲ್ಲ. ಚೀಲವನ್ನು ಉದಯ್ ಹಿಡಿದುಕೊಂಡು ಬರುತ್ತಾರೆ, ನಾನು ಎರಡು ಸೀಟು ಆಚೆ ಕೂರುತ್ತೇನೆ.

ಅಪ್ಪ ಇನ್ನೂ ಒಂದು ಹೇಳಿದರು. ಎಲೆಯ ಮೇಲೆ ನಟ್ಟು ಇಡುವುದನ್ನು ಐಟಿಐಗೆ ಹೋದ ಮೇಲೂ ಬಿಡಬಾರದಂತೆ. ಅಲ್ಲಿ ತಗಡಿನ ತಟ್ಟೆ ಕೊಡುತ್ತಾರೆ, ಆದರೆ ಕ್ರಮ ನಿನ್ನದೇ ಇರಲಿ ಎಂದರು. ಅತ್ತೆ ಹೂಂ ಎಂದರೆ ನಾವು ಬಂದ ಮಾರನೆಯ ದಿನವೇ ಚಿಂತಾಮಣಿಗೆ ಹೋಗಿ ಅರ್ಜಿ ಕೊಟ್ಟು ಬರೋಣ. ಉದಯ್ ರಜೆ ಹಾಕಿದ್ದಾರೆ.

ಅಮಾವಾಸ್ಯೆಗೆ ಆಷಾಢ ಮುಗಿಯುತ್ತದೆ. ಭೀಮನ ಪೂಜೆಯನ್ನು ಇಲ್ಲೇ ಮುಗಿಸಿಕೊಂಡು ಹೊರಡುತ್ತೇವೆ. ಊದುಬತ್ತಿಯ ಹೊಗೆ ನನ್ನ ಕೂದಲಿಗೆ ಹತ್ತದಂತೆ ದೂರ ಕೂರುತ್ತೇನೆ, ದೇವರು ಕ್ಷಮಿಸಲಿ.

ನಿಮ್ಮ ಸೊಸೆ, ನಿನ್ನ ಅತ್ತಿಗೆ,
ಮಾಲಾ

ತಾಜಾ ಕಲಂ: ಚಿಕ್ಕಬಳ್ಳಾಪುರ ಸ್ಟೇಷನ್ನಿಗೆ ಆಟೋ ತೆಗೆದುಕೊಂಡು ಮಾವನ ಜೊತೆ ನೀನೇ ಬರಬೇಕು ಮುನಿ. ನಾನು ಇಳಿದ ತಕ್ಷಣ ನಿನ್ನನ್ನು ತಬ್ಬಿಕೊಳ್ಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ದೂರದಿಂದ ಕೈ ಎತ್ತುತ್ತೇನೆ, ನೀನೂ ಎತ್ತು. ಅತ್ತೆಯೂ ಬಂದರೆ ಪ್ಲಾಟ್‌ಫಾರಂ ಮೇಲೆಯೇ ನನ್ನನ್ನು ಮೂಸಿ ನೋಡಬಹುದು. ಜುಲೈ ಇಪ್ಪತ್ತೇಳು, ಗುರುವಾರ, ಬೆಂಗಳೂರಿನಿಂದ ಬರುವ ಬೆಳಗಿನ ಚಿಕ್ಕಬಳ್ಳಾಪುರ ಪ್ಯಾಸೆಂಜರ್.